ಪರಿಚಕ: ಅಮರಾವತಿಯ ಕಲ್ಲಿನ ಪದಕಗಳನ್ನು ಕೊಟ್ಟವರು

ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಬೆಸೆಂಟ್ ರಸ್ತೆಯ ಬಟ್ಟೆಯಂಗಡಿಗಳ ಇಕ್ಕಟ್ಟಿನಿಂದ ಹೊರಬಿದ್ದು ಯಾವುದಾದರೊಂದು ಸರಕಾರಿ ಕಚೇರಿಯ ನಾಮಫಲಕದ ಮುಂದೆ ನಿಂತರೆ ಒಂದು ದುಂಡನೆಯ ಲಾಂಛನ ಕಾಣುತ್ತದೆ. ನಡುವೆ ಮಾಲೆ ತೊಟ್ಟ ತುಂಬಿದ ಕೊಡ, ಅದನ್ನು ಬಳಸಿ ಚಕ್ರದ ಬಳೆ, ಮಣಿಗಳ ಸಾಲು. ಆಂಧ್ರಪ್ರದೇಶ ಸರಕಾರ 2018ರಲ್ಲಿ ಅಮರಾವತಿಯ ಶಿಲ್ಪವನ್ನು ಅನುಸರಿಸಿ ತಿದ್ದಿ ಒಪ್ಪಿಕೊಂಡ ರಾಜ್ಯಮುದ್ರೆ ಇದು. ಪೂರ್ಣಘಟವೆಂದರೆ ನಮಗೆ ಹೊಸದೇನಲ್ಲ. ನಮ್ಮ ಊರುಗಳ ಗುಡಿಯ ಬಾಗಿಲುವಾಡದಲ್ಲಿಯೂ ಮದುವೆಯ ಕರೆಯೋಲೆಯಲ್ಲಿಯೂ ಅದು ಇದ್ದೇ ಇದೆ. ಆದರೆ ಕೃಷ್ಣೆಯ ದಂಡೆಯಲ್ಲಿ ಈ ಕೊಡವನ್ನು ಕಲ್ಲಿನಲ್ಲಿ ಕಡೆಯಿಸಿ ಕೊಟ್ಟವರಲ್ಲಿ ಒಬ್ಬನ ಹೆಸರು ಕಲ್ಲಿನ ಮೇಲೆಯೇ ಉಳಿದಿದೆ. ಅವನು ವಿಧಿಕ. ಅವನ ಕಸುಬು ಚರ್ಮದ ಕೆಲಸ.

ವಿಜಯವಾಡದಿಂದ ಪಶ್ಚಿಮಕ್ಕೆ, ನದಿಯ ಬಲದಂಡೆಯಲ್ಲಿ ಅಮರಾವತಿ ಇದೆ. ಇದರ ಹಳೆಯ ಹೆಸರು ಧಾನ್ಯಕಟಕ. ಅಲ್ಲಿಯ ಮಹಾಚೈತ್ಯದ ಸುತ್ತ ಸಾಮಾನ್ಯ ಶಕದ ಮೊದಲ ಶತಮಾನಗಳಲ್ಲಿ ಸುಣ್ಣಕಲ್ಲಿನ ದೊಡ್ಡ ಕಟಾಂಜನವೊಂದು ಎದ್ದಿತು. ಅದರ ಅಡ್ಡಳತೆ ಸುಮಾರು 192 ಅಡಿ. ನೆಟ್ಟಗೆ ನಿಂತ ಕಂಬಗಳು, ಎರಡು ಕಂಬಗಳ ನಡುವೆ ಮೂರು ಮೂರು ಅಡ್ಡಪಟ್ಟಿಗಳು, ಮೇಲೆ ಉದ್ದಕ್ಕೂ ಓಡುವ ಉಷ್ಣೀಷ. ಕಂಬದ ಎರಡು ಬದಿಗೆ ತೂತು ಕೊರೆದು, ಸೂಜಿಗೆ ದಾರ ಪೋಣಿಸುವಂತೆ ಅಡ್ಡಪಟ್ಟಿಯನ್ನು ಸೇರಿಸುತ್ತಿದ್ದುದರಿಂದ ಅದಕ್ಕೆ ಸೂಚಿ ಎಂದು ಹೆಸರು. ಪ್ರತಿಯೊಂದು ಸೂಚಿಯ ಎರಡೂ ಮುಖಗಳಲ್ಲಿ ಒಂದೊಂದು ಪದಕ. ಕಂಬದ ನಡುವೆ ಒಂದು ತುಂಬು ಪದಕ, ಮೇಲೂ ಕೆಳಗೂ ಅರ್ಧಪದಕ. ವಿದ್ವಾಂಸರು ಚೂರುಗಳನ್ನು ಜೋಡಿಸಿ ಲೆಕ್ಕ ಹಾಕಿದಂತೆ 136 ಕಂಬಗಳು, 348 ಸೂಚಿಗಳು. ಸೂಚಿಗಳ ಎರಡು ಮುಖಗಳೇ 696 ಆಗುತ್ತವೆ. ಕಂಬಗಳದನ್ನೂ ಕೂಡಿದರೆ ತುಂಬು ಪದಕಗಳ ಎಣಿಕೆ ಸಾವಿರದ ಹತ್ತಿರಕ್ಕೆ ಬರುತ್ತದೆ. ಒಂದು ಊರು ತನ್ನ ಸುತ್ತಮುತ್ತಲಿನ ಹಳ್ಳಿಗಳನ್ನು ಕೂಡಿಕೊಂಡು, ಕೈಯಿಂದಲೇ ಕಡೆದು ನಿಲ್ಲಿಸಿದ ಸಾವಿರ ಕಲ್ಲಿನ ಹೂಗಳು ಇವು.

ಶಾಸನಗಳಲ್ಲಿ ಈ ಪದಕಕ್ಕೊಂದು ಪ್ರಾಕೃತ ಹೆಸರು ಸಿಗುತ್ತದೆ: ‘ಪರಿಚಕ’. ಪರಿಚಕ್ರವೆಂಬುದರ ಆಡುಮಾತಿನ ರೂಪ. ಪರಿಚಕಗಳುಳ್ಳ ಎರಡು ಸೂಚಿಗಳ ದಾನ ಎಂದು ಒಬ್ಬರು ಬರೆಸಿದರೆ, ಮತ್ತೊಬ್ಬರು ಸೂಚಿಯ ದಾನ ಎಂದಷ್ಟೇ ಬರೆಸುತ್ತಾರೆ. ಕೊಡುವವರು ತಮ್ಮ ಕೈಗೆಟಕುವಷ್ಟನ್ನು ಲೆಕ್ಕ ಹಾಕಿ ಕೊಟ್ಟರೆಂಬುದು ಇದರಿಂದ ಸ್ಪಷ್ಟ. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಇಂದಿಗೂ ಒಂದು ಹಾಸುಗಲ್ಲು, ಒಂದು ಮೆಟ್ಟಿಲು, ಒಂದು ಟ್ಯೂಬ್‌ಲೈಟು ಎಂದು ಹೆಸರು ಬರೆಸಿ ಕೊಡುವವರಿದ್ದಾರೆ. ಟ್ಯೂಬ್‌ಲೈಟಿನ ಬೆಳಕನ್ನೇ ಮುಚ್ಚುವಷ್ಟು ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆಸುವುದನ್ನು ನಾವು ನಕ್ಕು ಮರೆಯುತ್ತೇವೆ. ಅಮರಾವತಿಯ ದಾನಿಗಳ ಅಕ್ಷರಗಳು ಅಷ್ಟು ದೊಡ್ಡವಲ್ಲ. ಆದರೂ ಆ ಬಯಕೆ ಇದೇ. ಆ ಬಯಕೆ ಇದ್ದುದರಿಂದಲೇ ಅವರು ಇದ್ದರೆಂಬುದು ನಮಗೆ ಗೊತ್ತಾಯಿತು.

ಅವರು ಯಾರು? ಬ್ರಾಹ್ಮಿ ಲಿಪಿಯ ಆ ಚಿಕ್ಕ ಚಿಕ್ಕ ಬರಹಗಳಲ್ಲಿ ಅರಸರು ಅಪರೂಪ. ವಾಸಿಷ್ಠೀಪುತ್ರ ಪುಳುಮಾವಿಯ ಹೆಸರು ಬರುವ ಶಾಸನದಲ್ಲಿಯೂ ದಾನ ಅವನದಲ್ಲ. ಪಡುವಣ ಬಾಗಿಲಿನಲ್ಲಿ ಧರ್ಮಚಕ್ರವನ್ನು ನಿಲ್ಲಿಸಿದವರು ಗೃಹಪತಿಯೊಬ್ಬನ ಮನೆಯವರು. ಉಳಿದಂತೆ ಗಂಧದ ವ್ಯಾಪಾರಿ ಹಂಘನಿದ್ದಾನೆ. ವರ್ತಕರು, ಗೃಹಪತಿಗಳು, ಅವರ ಹೆಂಡಂದಿರು, ಸೊಸೆಯಂದಿರು ಇದ್ದಾರೆ. ರಾಜನ ಲೆಕ್ಕಿಗನ ಮನೆಯಾಕೆ ಇದ್ದಾಳೆ. ಧಾನ್ಯಕಟಕದ ನಿಗಮ, ಅಂದರೆ ಊರಿನ ವರ್ತಕರ ಕೂಟ, ಒಂದಾಗಿ ಒಂದು ಕಂಬವನ್ನು ಕೊಟ್ಟಿದೆ. ಭಿಕ್ಷುಣಿಯರಂತೂ ಎದ್ದು ಕಾಣುವಷ್ಟು ಮಂದಿ. ತಮ್ಮದೆಂದು ಐದು ಬಟ್ಟೆ, ಒಂದು ಪಾತ್ರೆಯಷ್ಟೇ ಇರಬೇಕಾದವರು ಕಲ್ಲನ್ನು ಕೊಡಿಸಿದ್ದು ಹೇಗೆ ಎಂಬುದು ವಿದ್ವಾಂಸರಿಗೆ ಬಹುಕಾಲ ತಲೆನೋವಾದ ಪ್ರಶ್ನೆ. ಒಂದು ಶಾಸನದಲ್ಲಿ ಸಮುದಿಯಾ ಎಂಬ ಉಪಾಧ್ಯಾಯಿನಿ ಬರುತ್ತಾಳೆ. ಅವಳ ಗುರು ವಿನಯಧರನಾದ ಆರ್ಯ ಪುನರ್ವಸು; ದಾನ ಕೊಟ್ಟವಳು ಅವಳ ಶಿಷ್ಯೆ. ಕಲಿಸಿದವನು, ಕಲಿತು ಕಲಿಸಿದವಳು, ಅವಳಿಂದ ಕಲಿತವಳು ಎಂದು ಮೂರು ತಲೆಮಾರಿನ ವಿದ್ಯೆಯ ಸರಪಣಿ ಒಂದು ಸಾಲಿನ ಬರಹದಲ್ಲಿ ಅಡಗಿದೆ. ಹೆಣ್ಣು ಕಲಿಸಿದ ಕಥೆಯನ್ನು ಹುಡುಕುವವರು ಉಪನಿಷತ್ತುಗಳಲ್ಲಿ ಗಾರ್ಗಿ, ಮೈತ್ರೇಯಿಯರ ಬಳಿ ನಿಂತುಬಿಡುತ್ತಾರೆ. ಸಮುದಿಯೆ ಕಲ್ಲಿನ ಮೇಲೆ ದಾಖಲಾದವಳು.

ವಿಧಿಕನ ಬರಹಕ್ಕೆ ನಾವು ಮತ್ತೆ ಮತ್ತೆ ಮರಳುತ್ತೇವೆ. ಅದರಲ್ಲಿ ಅವನು ತನ್ನನ್ನು ‘ಚಮ್ಮಕಾರ’ ಎಂದೇ ಕರೆದುಕೊಂಡಿದ್ದಾನೆ. ತಂದೆ ನಾಗ, ಅವನಿಗೆ ‘ಉಪಝಾಯ’, ಅಂದರೆ ಉಪಾಧ್ಯಾಯ ಎಂಬ ವಿಶೇಷಣ. ತಾಯಿ, ಹೆಂಡತಿ, ಅಣ್ಣತಮ್ಮಂದಿರು, ಮಗ, ಹೆಣ್ಣುಮಕ್ಕಳು, ನೆಂಟರು, ಗೆಳೆಯರು, ಬಂಧುಗಳು, ಇಷ್ಟೂ ಮಂದಿಯನ್ನು ಕೂಡಿಕೊಂಡು ಪೂರ್ಣಘಟದ ಹಲಗೆಯನ್ನು ಕೊಡುತ್ತಿದ್ದೇನೆ ಎನ್ನುತ್ತಾನೆ. ಮಗನ ಹೆಸರೂ ನಾಗ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳ ವಾಡಿಕೆ ಎಷ್ಟು ಹಳೆಯದೆಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ. ನಿಖರವಾಗಿ ಹೇಳಬೇಕೆಂದರೆ ವಿಧಿಕ ಕೊಟ್ಟದ್ದು ಪದಕವಲ್ಲ, ಹಲಗೆ. ಕೊಡ ದುಂಡನೆಯ ಮುದ್ರೆಯೊಳಗೆ ಬಂದದ್ದು ನಮ್ಮ ಕಾಲದಲ್ಲಿ.

ಈ ಬರಹ ನಮ್ಮನ್ನು ತಡೆದು ನಿಲ್ಲಿಸುವುದಕ್ಕೆ ಕಾರಣವಿದೆ. ಚರ್ಮದ ಕೆಲಸದವನ ಮಗ ಚರ್ಮದ ಕೆಲಸದವನೇ, ಅವನ ತಂದೆ ಉಪಾಧ್ಯಾಯನಾಗುವುದೆಂತು ಎಂದು ಮುಂದಿನ ಸಾವಿರ ವರ್ಷಗಳ ಸಮಾಜ ಕೇಳುತ್ತಿತ್ತು. ಅವನ ಕೊಡುಗೆಯನ್ನು ಪವಿತ್ರಸ್ಥಳದ ಒಳಗೆ ಬಿಟ್ಟುಕೊಳ್ಳುವುದಂತೂ ದೂರದ ಮಾತು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಯ ಸಂಬಂಧ ಎಂಥ ಕಿಚ್ಚು ಹೊತ್ತಿಸಿತೆಂಬುದು ಕನ್ನಡಿಗರಿಗೆ ಹೇಳಿಕೊಡಬೇಕಾದ ಕಥೆಯಲ್ಲ. ಹಾಗೆಂದು ಧಾನ್ಯಕಟಕದಲ್ಲಿ ಮೇಲುಕೀಳು ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಒಂದು ಹಲಗೆಯಿಂದ ಒಂದು ಯುಗವನ್ನು ಅಳೆಯುವುದು ಅಳತೆಯ ತಪ್ಪು. ಆದರೆ ಒಂದು ಕಾಲದಲ್ಲಿ, ಒಂದು ಊರಿನಲ್ಲಿ, ತನ್ನ ಕಸುಬನ್ನು ಮುಚ್ಚಿಡದೆ, ತನ್ನ ಬಂಧುಬಳಗವನ್ನೆಲ್ಲ ಹೆಸರಿಗೆ ಕರೆದುಕೊಂಡು, ಊರಿನ ಅತ್ಯಂತ ದೊಡ್ಡ ಕಟ್ಟಡದಲ್ಲಿ ಒಬ್ಬ ಚಮ್ಮಕಾರ ಪಾಲು ಪಡೆದ. ಅಷ್ಟು ಮಾತ್ರ ನಿಜ. ಅದು ಸಣ್ಣ ನಿಜವಲ್ಲ.

ಇನ್ನು ಪದಕಗಳ ಚೆಲುವು. ಕಲ್ಲು ಪಲ್ನಾಡಿನ ಸುಣ್ಣಕಲ್ಲು. ಹಸಿರು ಛಾಯೆಯ ಬಿಳುಪು, ಉಳಿಗೆ ಒಲಿಯುವ ಮೈ. ಕಟಾಂಜನದ ಹೊರಮುಖದಲ್ಲಿ ಹೆಚ್ಚಾಗಿ ಅರಳಿದ ತಾವರೆಗಳು. ನಡುವಿನ ಬೀಜಕೋಶದಿಂದ ಎಸಳುಗಳ ಸುತ್ತುಗಳು ಒಂದರ ಹೊರಗೊಂದು ಹರಡುತ್ತವೆ. ಒಂದರಂತೆ ಇನ್ನೊಂದು ಎಂದು ಮೊದಲ ನೋಟಕ್ಕೆ ಅನಿಸಿದರೂ ಎಸಳಿನ ತುದಿ, ಅಂಚಿನ ಬಳ್ಳಿ ಬೇರೆ ಬೇರೆ. ಬೇರೆ ಬೇರೆ ಕೈಗಳು ದುಡಿದದ್ದಕ್ಕೆ ಇದೇ ಗುರುತು. ಹೊರಗಿನಿಂದ ಬಂದವನಿಗೆ ಮೊದಲು ಕಾಣುವುದು ಹೂವಿನ ಬೇಲಿ. ಬಾಗಿಲು ದಾಟಿ ಪ್ರದಕ್ಷಿಣೆಗೆ ತೊಡಗಿದರೆ ಒಳಮುಖದ ಪದಕಗಳಲ್ಲಿ ಕಥೆಗಳು ಎದುರಾಗುತ್ತವೆ.

ಚೆನ್ನೈನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ನಾಳಾಗಿರಿಯ ಪದಕವನ್ನೇ ನೋಡೋಣ. ದೇವದತ್ತನ ಸಂಚಿನಿಂದ ಮದ್ದಾನೆಯೊಂದನ್ನು ರಾಜಗೃಹದ ಬೀದಿಯಲ್ಲಿ ಬುದ್ಧನ ಮೇಲೆ ಬಿಟ್ಟ ಕಥೆ. ಎಡಗಡೆ ಆನೆ ಬೀದಿಗೆ ನುಗ್ಗಿದೆ. ಸೊಂಡಿಲಿಗೆ ಸಿಕ್ಕವನ ಗತಿ ಹೇಳಬೇಕಿಲ್ಲ. ಜನ ಚೆಲ್ಲಾಪಿಲ್ಲಿಯಾಗಿದ್ದಾರೆ. ಬೆದರಿದ ಹೆಣ್ಣು ಪಕ್ಕದವನಿಗೆ ಆತುಕೊಂಡಿದ್ದಾಳೆ. ಮಹಡಿಯ ಕಿಟಕಿಗಳಿಂದ ಮುಖಗಳು ಇಣುಕುತ್ತಿವೆ. ಅದೇ ಪದಕದ ಬಲಗಡೆ ಅದೇ ಆನೆ ಮಂಡಿಯೂರಿದೆ. ಎದುರಿಗೆ ಭಿಕ್ಷುಗಳೊಡನೆ ಬುದ್ಧ ನಿಂತಿದ್ದಾನೆ. ಎರಡು ಗಳಿಗೆಗಳ ನಡುವೆ ಗೆರೆಯಿಲ್ಲ, ಗೋಡೆಯಿಲ್ಲ. ಕಣ್ಣು ಎಡದಿಂದ ಬಲಕ್ಕೆ ಸರಿಯುವಷ್ಟರಲ್ಲಿ ಭಯ ಶಾಂತಿಯಾಗುತ್ತದೆ. ಹೆಸರಿಗೆ ಮಗಧದ ರಾಜಗೃಹ. ಆದರೆ ಕಡೆದವನು ಮಗಧವನ್ನು ಕಂಡಿರಬೇಕಾಗಿಲ್ಲ. ಆ ಮಹಡಿ, ಆ ಹೆಬ್ಬಾಗಿಲು, ಕೈಬಳೆ ತುಂಬಿದ ಆ ಹೆಂಗಸರು ಧಾನ್ಯಕಟಕದ ಬೀದಿಯಿಂದ ಎದ್ದು ಬಂದವರೆಂದೇ ನಮ್ಮ ನಂಬಿಕೆ. ಊರು ತನ್ನ ಮುಖವನ್ನು ಬುದ್ಧನ ಕಥೆಯಲ್ಲಿ ನೋಡಿಕೊಂಡಿತು.

ಕಡೆದವನ ಹೆಸರೇನು? ಈ ಶಾಸನಗಳು ಹೆಚ್ಚಾಗಿ ಕೊಟ್ಟವರನ್ನು ಹೇಳುತ್ತವೆ, ಕೆತ್ತಿದವರನ್ನು ಹೇಳುವುದಿಲ್ಲ. ಬೇಲೂರನ್ನು ಕಂಡ ನಮಗೆ ಇದು ಕೊರತೆಯಾಗಿ ತೋರುತ್ತದೆ. ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಬಿರುದುಗಳನ್ನೂ ಸೇರಿಸಿ ವಿಗ್ರಹದ ಪೀಠದಲ್ಲಿ ಹೆಸರು ಕೊರೆದಿದ್ದಾರೆ. ಮಲ್ಲಿತಮ್ಮನ ಹೆಸರಂತೂ ಹೊಯ್ಸಳರ ಗುಡಿಯಿಂದ ಗುಡಿಗೆ ನಡೆದಿದೆ. ಕೃಷ್ಣೆಯ ಬಯಲಿನಲ್ಲಿ ಶಿಲ್ಪಿ ಕಾಣಿಸಿಕೊಳ್ಳುವ ಒಂದು ಅಪರೂಪದ ಎಡೆ ಜಗ್ಗಯ್ಯಪೇಟೆ. ವಿಜಯವಾಡದಿಂದ ವಾಯವ್ಯಕ್ಕಿರುವ ಆ ಊರಿನ ಸ್ತೂಪದಲ್ಲಿ ಇಕ್ಷ್ವಾಕು ಅರಸ ವೀರಪುರುಷದತ್ತನ 20ನೆಯ ಆಳ್ವಿಕೆಯ ವರ್ಷದಲ್ಲಿ ಆಯಕ ಕಂಬಗಳನ್ನು ನಿಲ್ಲಿಸಿದವನು ಸಿದ್ಧಾರ್ಥ. ಅವನು ‘ಆವೇಸನಿ’, ಅಂದರೆ ಕಮ್ಮಟದ ಕುಶಲಕರ್ಮಿ. ತಂದೆ ನಾಕಚಂದನೂ ಆವೇಸನಿಯೇ. ಅಲ್ಲಿ ಕಸುಬಿನವನೇ ದಾನಿ. ಆದರೂ ಅವನ ಹೆಸರು ಉಳಿದದ್ದು ಕೊಟ್ಟದ್ದರಿಂದ.

ಅಮರಾವತಿಯ ಚೈತ್ಯ ನಾವು ಸಾಮಾನ್ಯವಾಗಿ ಎಣಿಸುವುದಕ್ಕಿಂತ ಬಹಳ ಹೆಚ್ಚು ಕಾಲ ಬದುಕಿತು. 1182ರಲ್ಲಿ ಕೋಟ ಮನೆತನದ ಎರಡನೆಯ ಕೇತ ಅಲ್ಲಿಯ ಬುದ್ಧನಿಗೆ ಹಳ್ಳಿಗಳನ್ನೂ ನಂದಾದೀಪಗಳನ್ನೂ ಬಿಟ್ಟ. ಆ ಶಾಸನ ಅಮರೇಶ್ವರನ ಗುಡಿಯ ಕಂಬದಲ್ಲಿರುವುದು ಗಮನಿಸಬೇಕಾದ ಸಂಗತಿ. 1344ರ ಹೊತ್ತಿಗೂ ಸಿಂಹಳದ ಧರ್ಮಕೀರ್ತಿ ಸ್ಥವಿರ ಧಾನ್ಯಕಟಕದಲ್ಲಿ ಪ್ರತಿಮಾಗೃಹವೊಂದನ್ನು ಜೀರ್ಣೋದ್ಧಾರ ಮಾಡಿಸಿದ್ದನ್ನು ಗಡಲಾದೇಣಿಯ ಶಾಸನ ಹೇಳುತ್ತದೆ. ಆಮೇಲೆ ಮರೆವು. ಚೈತ್ಯ ದಿಬ್ಬವಾಯಿತು, ಊರವರು ಅದನ್ನು ದೀಪಾಲದಿನ್ನೆ, ದೀಪಗಳ ದಿಬ್ಬ ಎಂದು ಕರೆದರು. ಬುದ್ಧನ ಹೆಸರು ಹೋಗಿ ದೀಪ ಉಳಿಯಿತು.

18ನೆಯ ಶತಮಾನದ ಕೊನೆಗೆ ಜಮೀನುದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಚಿಂತಪಲ್ಲಿಯನ್ನು ಬಿಟ್ಟು ಅಮರಾವತಿಯಲ್ಲಿ ಹೊಸ ಪೇಟೆ ಕಟ್ಟಿಸಿದ. ಕಟ್ಟಲು ಕಲ್ಲು ಬೇಕು, ದಿಬ್ಬದಲ್ಲಿ ಕಲ್ಲಿತ್ತು. ತಾವರೆಯ ಪದಕಗಳು ಮೆಟ್ಟಿಲಾದವು, ಗೋಡೆಯಾದವು, ಹಲವು ಗೂಡಿನಲ್ಲಿ ಬೆಂದು ಸುಣ್ಣವಾದವು. ಸುಣ್ಣಕಲ್ಲಿಗೆ ಇದೊಂದು ಶಾಪ. ಕಣಶಿಲೆಯಾಗಿದ್ದರೆ ಒಡೆದರೂ ಉಳಿಯುತ್ತಿತ್ತು.

1797ರಲ್ಲಿ ಸುದ್ದಿ ಕೇಳಿ ಬಂದವನು ಕಾಲಿನ್ ಮೆಕೆಂಜಿ. ಇಲ್ಲಿಂದ ಮುಂದೆ ಅಮರಾವತಿಯ ಕಲ್ಲುಗಳನ್ನು ಮುಟ್ಟಿದ ಮೂವರು ದೊಡ್ಡ ಅಧಿಕಾರಿಗಳೂ ಕನ್ನಡಿಗರಿಗೆ ಬೇರೆ ಬೇರೆ ಕಾರಣಗಳಿಗಾಗಿ ಪರಿಚಿತರು. ಈ ಕೂಡುವಿಕೆಯನ್ನು ನಮ್ಮ ಚರಿತ್ರೆಯ ಪುಸ್ತಕಗಳು ಎತ್ತಿ ಹೇಳುವುದು ಕಡಿಮೆ. ಮೆಕೆಂಜಿ ಟಿಪ್ಪುವಿನ ಪತನದ ಬಳಿಕ ಮೈಸೂರಿನ ಭೂಮಾಪನ ನಡೆಸಿದವನು. ಕನ್ನಡದ ಕೈಫಿಯತ್ತುಗಳನ್ನು ಕೂಡಿಸಿದವನು. ಅವನಿಗೆ ಹಳಗನ್ನಡ ಶಾಸನಗಳನ್ನು ಓದಿ ಹೇಳಿದವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಒಬ್ಬ. 1816ರಲ್ಲಿ ಥಾಮಸ್ ಹಿಕಿ ಬರೆದ ಮೆಕೆಂಜಿಯ ಚಿತ್ರದಲ್ಲಿ ಕೆಂಪಂಗಿಯ ದೊರೆಯ ಸುತ್ತ ದೇಶೀ ಸಹಾಯಕರು ನಿಂತಿದ್ದಾರೆ. ದೂರದಲ್ಲಿ ಗೊಮ್ಮಟ ಕಾಣುತ್ತಾನೆ. ಅದೇ ವರ್ಷ ಅವನು ಅಮರಾವತಿಗೆ ಮರಳಿ, ಚಿತ್ರಗಾರರನ್ನು ಕೂರಿಸಿ ಕಲ್ಲುಗಳ ಚಿತ್ರ ಬರೆಯಿಸತೊಡಗಿದ. ಇಂದು ಕಲ್ಲಿಲ್ಲದೆ ಚಿತ್ರ ಮಾತ್ರ ಉಳಿದ ಪದಕಗಳೂ ಉಂಟು.

ಎರಡನೆಯವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಬಿದ್ದಾಗ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಆಂಗ್ಲರಲ್ಲಿ ಒಬ್ಬ ಇವನೇ. ಬಿಡುಗಡೆಯಾದ ಮೇಲೆ ಧಾರವಾಡದ ಸೀಮೆಯಲ್ಲಿದ್ದು ಆರು ನೂರಕ್ಕೆ ಸಮೀಪ ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಚರಿತ್ರೆ ಬರೆಯುವವರು ಇಂದಿಗೂ ಅವನ ಋಣದಲ್ಲಿದ್ದಾರೆ. 1845ರಲ್ಲಿ ಅವನು ಅಮರಾವತಿಯನ್ನು ಅಗೆಸಿ ಕಲ್ಲುಗಳನ್ನು ಮದರಾಸಿಗೆ ಕಳಿಸಿದ. ಅಲ್ಲಿ ಅವು ವರ್ಷಗಟ್ಟಲೆ ಬಿಸಿಲುಮಳೆಗೆ ಬಿದ್ದಿದ್ದು 1859ರಲ್ಲಿ ಲಂಡನ್ನಿಗೆ ಹಡಗೇರಿದವು. ಅಲ್ಲಿಯೂ ಯಾರೂ ಅವುಗಳ ಕಟ್ಟು ಬಿಚ್ಚುವ ಆತುರ ತೋರಲಿಲ್ಲ. ಫೈಫ್ ಹೌಸ್ ಎಂಬ ಕಟ್ಟಡದ ಗಾಡಿಖಾನೆಯಲ್ಲಿ ಅವು ಬಿದ್ದಿದ್ದುದನ್ನು ಕಂಡವನು ವಾಸ್ತುಚರಿತ್ರೆಕಾರ ಜೇಮ್ಸ್ ಫರ್ಗ್ಯುಸನ್. 1868ರಲ್ಲಿ ಅವನು ಅವುಗಳನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದ. 1880ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು. ಈ ನಡುವೆ ಅವಕ್ಕೊಂದು ಹೊಸ ಹೆಸರು ಅಂಟಿತ್ತು: ‘ಎಲಿಯಟ್ ಮಾರ್ಬಲ್ಸ್’. ಕಲ್ಲಿನ ಮೇಲೆಯೇ ಭಿಕ್ಷುಣಿಯ, ವರ್ತಕನ, ನಿಗಮದ ಹೆಸರು ಕೆತ್ತಿದ್ದರೂ ಹೊತ್ತೊಯ್ದವನ ಹೆಸರಿನಿಂದ ಅವನ್ನು ಕರೆದರು. ಎಲಿಯಟ್ ಕೆಟ್ಟವನೆಂದು ನಾವು ಹೇಳುವುದಿಲ್ಲ. ಅವನು ಸಾಗಿಸದಿದ್ದರೆ ಅವುಗಳಲ್ಲಿ ಎಷ್ಟು ಸುಣ್ಣವಾಗುತ್ತಿದ್ದವೋ. ಆದರೆ ಆ ಹೆಸರು ಅನ್ಯಾಯದ್ದು. ಅದು ಮಾರ್ಬಲ್ಲೂ ಅಲ್ಲ, ಎಲಿಯಟ್ಟನದೂ ಅಲ್ಲ.

ಮೂರನೆಯವನು ರಾಬರ್ಟ್ ಸೆವೆಲ್. ವಿಜಯನಗರವನ್ನು ‘ಮರೆತ ಸಾಮ್ರಾಜ್ಯ’ವೆಂದು ಕರೆದು 1900ರಲ್ಲಿ ಅವನು ಬರೆದ ಪುಸ್ತಕವನ್ನು ಓದದ ಹಂಪಿಯ ಅಭ್ಯಾಸಿ ಇರಲಾರ. ಅದಕ್ಕೆ ಎರಡು ದಶಕ ಮೊದಲು, 1877ರಲ್ಲಿ, ಅವನು ಅಮರಾವತಿಯಲ್ಲಿ ಅಗೆತ ನಡೆಸಿ, ಯಾವ ಕಲ್ಲು ಎಲ್ಲಿ ಸಿಕ್ಕಿತೆಂದು ಬರೆದಿಟ್ಟ. ಗವರ್ನರ್ ಎಂಬ ಪದ ವಿಜಯವಾಡದ ಪೇಟೆಯ ಹೆಸರಿನಲ್ಲಿರುವಂತೆ ಅಮರಾವತಿಯ ಕಥೆಯಲ್ಲೂ ಒಬ್ಬ ಗವರ್ನರ್ ಬರುತ್ತಾನೆ. ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನು 1880ರಲ್ಲಿ ಇಡೀ ದಿಬ್ಬವನ್ನು ತೆರವು ಮಾಡಿಸಲು ಅಪ್ಪಣೆ ಕೊಟ್ಟ. ಮರುವರ್ಷ ಜೇಮ್ಸ್ ಬರ್ಜೆಸ್ ಬಂದು ನೋಡಿದಾಗ ಸ್ತೂಪವಿದ್ದ ಜಾಗದಲ್ಲಿ ದೊಡ್ಡ ಗುಂಡಿ ಇತ್ತು. ಯಾವ ಪದಕ ಯಾವ ಕಂಬದ ಪಕ್ಕದಲ್ಲಿತ್ತು, ಯಾರ ದಾನದ ಬಳಿ ಯಾರ ದಾನವಿತ್ತು, ಈ ನೆರೆಹೊರೆಯೆಲ್ಲ ಆ ಗುಂಡಿಯಲ್ಲಿ ಕಳೆದುಹೋಯಿತು. ಊರೊಂದು ಸಾಲಾಗಿ ನಿಂತು ಬರೆಸಿದ ಹಾಜರಿಪಟ್ಟಿಯ ಹಾಳೆಗಳನ್ನು ಕಿತ್ತು ಚೆಲ್ಲಿದಂತಾಯಿತು.

ವಿಜಯವಾಡದಲ್ಲಿ ಸೆವೆಲ್ಲನ ಗುರುತು ಇನ್ನೊಂದಿದೆ. ಬಂದರು ರಸ್ತೆಯಲ್ಲಿರುವ ವಿಕ್ಟೋರಿಯಾ ಜೂಬಿಲಿ ಮ್ಯೂಸಿಯಮ್ಮಿಗೆ 1887ರಲ್ಲಿ ಅಡಿಗಲ್ಲು ಇಟ್ಟವನು ಕೃಷ್ಣಾ ಜಿಲ್ಲೆಯ ಕಲೆಕ್ಟರಾಗಿದ್ದ ಅವನೇ. ರಾಣಿಯ ಹೆಸರಿನ ಆ ಕಟ್ಟಡ 2020ರಿಂದ ಬಾಪು ಮ್ಯೂಸಿಯಂ ಎನಿಸಿಕೊಂಡಿದೆ. 1921ರಲ್ಲಿ ಬೆಜವಾಡದ ಕಾಂಗ್ರೆಸ್ ಸಮಾವೇಶಕ್ಕೆ ಗಾಂಧೀಜಿ ಬಂದಾಗ ಪಿಂಗಳಿ ವೆಂಕಯ್ಯ ಧ್ವಜದ ಮಾದರಿಯನ್ನು ಅವರ ಕೈಗಿತ್ತುದರ ನೆನಪೂ ಅದಕ್ಕೆ ಸೇರಿಕೊಂಡಿದೆ. ಆ ಧ್ವಜದ ನಡುವೆ ಬಂದ ರಾಟೆ ಕೊನೆಗೆ ಅಶೋಕನ ಚಕ್ರವಾಯಿತು. ಕೃಷ್ಣೆಯ ಈ ದಂಡೆಯಲ್ಲಿ ದುಂಡನೆಯ ಗುರುತುಗಳಿಗೆ ಬರವಿಲ್ಲ.

ಅದೇ ಅಶೋಕನ ಮುಖವನ್ನು ಹುಡುಕಿ ಹೊರಟರೆ ನಾವು ನದಿಯ ಮೇಲ್ಗಡೆ, ನಮ್ಮ ನಾಡಿಗೆ ಬರಬೇಕಾಗುತ್ತದೆ. ಕೃಷ್ಣೆಗೆ ಸೇರುವ ಭೀಮೆಯ ದಂಡೆಯಲ್ಲಿ, ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿದ್ದುದು ಆ ಬಳಿಕ ಬೆಳಕಿಗೆ ಬಂತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದಾಗ ಮಹಾಚೈತ್ಯವೊಂದು ಎದ್ದು ಬಂತು. ಅಲ್ಲಿಯ ಕಲ್ಲೂ ಸುಣ್ಣಕಲ್ಲೇ. ಒಂದು ಹಲಗೆಯ ಮೇಲೆ ಪರಿವಾರದೊಡನೆ ನಿಂತ ಅರಸ, ಜೊತೆಗೆ ‘ರಾಯ ಅಸೋಕೊ’ ಎಂಬ ಬರಹ. ಸಾತವಾಹನ ಅರಸರೂ ಹೆಸರು ಸಮೇತ ಅಲ್ಲಿದ್ದಾರೆ. ಇನ್ನೂರಕ್ಕೂ ಮೀರಿದ ಬರಹಗಳಲ್ಲಿ ಅರಸರ ಹೆಸರುಗಳಿಗಿಂತ ದಾನಿಗಳ ಹೆಸರುಗಳೇ ಹೆಚ್ಚು: ಉಪಾಸಕರು, ಭಿಕ್ಷುಗಳು, ಭಿಕ್ಷುಣಿಯರು, ಮನೆಮಂದಿ. ಅಮರಾವತಿಯಲ್ಲಿ ಕೇಳಿದ ದನಿಯೇ ಇಲ್ಲಿಯೂ ಕೇಳುತ್ತದೆ. ಕಲ್ಲುಗಳು ಮಾತ್ರ ಎದ್ದ ನೆಲದಲ್ಲಿಯೇ ಉಳಿದಿವೆ. ಅವನ್ನು ಯಾವ ಅಧಿಕಾರಿಯ ಹೆಸರಿನಿಂದಲೂ ಕರೆಯುವ ಪ್ರಸಂಗ ಬರಲಿಲ್ಲ.

ಎರಡು ದಂಡೆಗಳ ನಡುವೆ ಹೋಗಿಬಂದವರಿದ್ದರು ಎಂಬುದಕ್ಕೆ ನಾಗಾರ್ಜುನಕೊಂಡದಲ್ಲಿ ಸಾಕ್ಷಿಯಿದೆ. ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ, ಅಂದರೆ ನಮ್ಮ ಬನವಾಸಿಯ ಮಹಾರಾಜನ ರಾಣಿ. ತವರಿನಲ್ಲಿ ಅವಳು ವಿಹಾರವೊಂದನ್ನು ಕಟ್ಟಿಸಿ ಮಹೀಶಾಸಕ ಆಚಾರ್ಯರಿಗೆ ಒಪ್ಪಿಸಿದಳು. ಬನವಾಸಿಗೆ ಮದುವೆಯಾಗಿ ಹೋದವಳು ಕೃಷ್ಣೆಯ ದಡದ ಕಂಬದಲ್ಲಿ ಹೆಸರು ಬಿಟ್ಟಿದ್ದಾಳೆ.

ಅಮರಾವತಿಯ ಗುಂಡಿಯ ಸುತ್ತ ಇಂದು ಕೆಲವು ಕಂಬಗಳನ್ನು ನಿಲ್ಲಿಸಿದ್ದಾರೆ. ಚೈತ್ಯದ ತಳದ ವೃತ್ತವನ್ನು ಬಳಸಿ ನಡೆಯಬಹುದು. ಪದಕಗಳಲ್ಲಿ ಬಹುಪಾಲು ಚೆನ್ನೈನಲ್ಲಿಯೂ ಲಂಡನ್ನಿನಲ್ಲಿಯೂ ಇವೆ. ಅಲ್ಲಿ ಅವನ್ನು ನೋಡಲು ಹೋಗುವ ಕನ್ನಡಿಗರು ಶಿಲ್ಪದ ಮೇಲೆ ಕಣ್ಣಾಡಿಸಿದ ಬಳಿಕ ಅಂಚಿನ ಕಡೆ ಬಾಗಿ ನೋಡಲಿ. ಬೆಳಕು ಓರೆಯಾಗಿ ಬಿದ್ದರೆ ಬ್ರಾಹ್ಮಿಯ ತೆಳುವಾದ ಗೀರುಗಳು ಕಾಣುತ್ತವೆ. ಅದು ಕೊಟ್ಟವರ ಹೆಸರು.